ರುಚಿ ನೋಡೇ ಬೀದಿ

ಗಡಿಯಾರದ ಕಂಬದ ಹತ್ತಿರ ಆಟೋದಿಂದ ಇಳಿದು ಹಳೇಪೇಟೆಯ ಕಡೆಗೆ ಮುಖ ಮಾಡಿ ನಿಂತರೆ ಸಾಕು, ಆಮೇಲೆ ಯಾರನ್ನೂ ದಾರಿ ಕೇಳಬೇಕಾದ್ದಿಲ್ಲ, ಮೂಗೇ ಎಳೆದುಕೊಂಡು ಹೋಗುತ್ತದೆ. ಮೊದಲು ಬೋಂಡದ ಎಣ್ಣೆಯ ವಾಸನೆ, ಅದರ ಹಿಂದೆಯೇ ಹುರಿದ ಕಡಲೆಕಾಯಿ, ಆಮೇಲೆ ಮಲ್ಲಿಗೆ, ಊದುಬತ್ತಿ, ಹೊಸ ಬಟ್ಟೆಯ ಗಂಜಿ. ಒಂದು ಸಾಲಿನಲ್ಲಿ ಬಳೆ, ರಿಬ್ಬನ್ನು, ಕುಂಕುಮ. ಎದುರು ಸಾಲಿನಲ್ಲಿ ಸ್ಟೀಲು ಪಾತ್ರೆ, ನೈಟಿ, ಪ್ಲಾಸ್ಟಿಕ್ ಬಿಂದಿಗೆ. ನಡುವೆ ಚುರುಮುರಿಯ ತಳ್ಳುಗಾಡಿ, ಅದಕ್ಕೆ ಒರಗಿಕೊಂಡಂತೆ ಇನ್ನೊಂದು ತಳ್ಳುಗಾಡಿಯಲ್ಲಿ ಖಾರದ ಪುಡಿ ಹಚ್ಚಿದ ಸೌತೆಕಾಯಿ. ಸಂಜೆಯಾದರೆ ಕಾಲಿಡಲು ಜಾಗವಿರುವುದಿಲ್ಲ. ಬ್ಲೌಸ್ ಪೀಸಿಗೆ ಬಂದವರು ದೋಸೆ ತಿಂದು ಹೋಗುತ್ತಾರೆ, ದೋಸೆಗೆ ಬಂದವರು ಬ್ಲೌಸ್ ಪೀಸು ಹಿಡಿದು ಹೋಗುತ್ತಾರೆ. ಬೀದಿಯ ಬಾಯಲ್ಲೇ ಒಂದು ನೀಲಿ ಹಲಗೆ ಇದೆ. ಅದರ ಮೇಲೆ ‘ರುಚಿ ನೋಡಿ ಬೀದಿ’ ಎಂದು ಬರೆದಿದೆ. ಹೊರಗಿನಿಂದ ಬಂದವರು ಅದರ ಕೆಳಗೆ ನಿಂತು, ಕೈಯಲ್ಲೊಂದು ಬೋಂಡ ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಗಿರಾಕಿಗಳನ್ನು ಎಷ್ಟು ಚೆಂದವಾಗಿ ಕರೆಯುವ ಹೆಸರು ಎಂದು ಹೊಗಳುತ್ತಾರೆ.

ಚೆಂದವೂ ಇಲ್ಲ, ಮಣ್ಣೂ ಇಲ್ಲ. ಆ ಹಲಗೆ ತಪ್ಪು. ‘ನೋಡಿ’ ಅಲ್ಲ ಸ್ವಾಮಿ, ‘ನೋಡೇ’. ಬರೆದ ಪೇಂಟರು ಏತ್ವದ ಜಾಗದಲ್ಲಿ ಗುಡಿಸು ಎಳೆದ, ಅಷ್ಟೆ. ಅವನ ಕುಂಚಕ್ಕೆ ಏನು ಗೊತ್ತು. ‘ನೋಡಿ’ ಎಂದು ಕಂಡಕಂಡವರಿಗೆಲ್ಲ ಹೇಳಬಹುದು. ‘ನೋಡೇ’ ಎಂದು ಮನೆಯ ಹೆಣ್ಣುಮಗಳಿಗೆ ಮಾತ್ರ ಹೇಳುತ್ತೇವೆ. ಈ ಬೀದಿ ಯಾವ ಗಿರಾಕಿಯನ್ನೂ ಕರೆಯುತ್ತಿಲ್ಲ, ಒಂದು ಹುಡುಗಿಯನ್ನು ಕರೆಯುತ್ತಿದೆ. ಇದನ್ನು ನಾನು ಹಲಗೆ ನಿಂತ ದಿನದಿಂದ ಹೇಳುತ್ತ ಬಂದಿದ್ದೇನೆ, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಈಗ ಹೇಳುವುದನ್ನೂ ಬಿಟ್ಟಿದ್ದೇನೆ. ನೀವು ಕೇಳಿದಿರಿ ಎಂದು ಬಾಯಿ ತೆರೆದೆ.

ಬಹಳ ಹಿಂದೆ, ಈ ಊರಿಗೆ ನಲ್ಲಿ ನೀರೂ ಬೀದಿ ದೀಪವೂ ಬರುವ ಮುನ್ನ, ಇದು ಗಾಡಿ ಬಿಡುವ ಬೀದಿಯಾಗಿತ್ತು ಎನ್ನುತ್ತಾರೆ. ಸುತ್ತಲ ಹಳ್ಳಿಗಳಿಂದ ಬೆಲ್ಲ, ರಾಗಿ, ಹುಣಿಸೆಹಣ್ಣು ಹೇರಿಕೊಂಡು ಬಂದವರು ಇಲ್ಲಿ ಎತ್ತು ಬಿಚ್ಚಿ, ಸರಕು ಇಳಿಸಿ, ಹೆಂಡಿರಿಗೆ ಬಳೆ, ಮಕ್ಕಳಿಗೆ ಬತ್ತಾಸು ಕೊಂಡು, ಹೊಟ್ಟೆಗಿಷ್ಟು ಹಾಕಿಕೊಂಡು ಹಿಂದಿರುಗುತ್ತಿದ್ದರು. ಆ ಹೊಟ್ಟೆಯ ಪಾಡು ನೋಡುತ್ತಿದ್ದವಳು ಚಿಕ್ಕತಾಯಮ್ಮ. ಗಂಡ ತೀರಿಕೊಂಡ ಮೇಲೆ ಮನೆಯ ಜಗಲಿಯನ್ನೇ ಊಟದ ಮನೆ ಮಾಡಿಕೊಂಡವಳು. ಮುದ್ದೆ, ಉಪ್ಸಾರು, ಒಂದು ಪಲ್ಯ. ಬೇರೇನೂ ಮಾಡುತ್ತಿರಲಿಲ್ಲ. ಆದರೂ ಅವಳ ಉಪ್ಸಾರಿಗಾಗಿ ಗಾಡಿಯವರು ದಾರಿಯಲ್ಲಿ ಬುತ್ತಿ ಬಿಚ್ಚದೆ ಹಸಿದು ಬರುತ್ತಿದ್ದರಂತೆ.

ಆ ಅಡುಗೆಮನೆಯಲ್ಲಿ ಒಂದು ಕಟ್ಟಳೆ ಇತ್ತು. ಉಪ್ಪು ಹಾಕುವ ಕೈ ಒಂದೇ ಇರಬೇಕು. ಎರಡು ಕೈ ಉಪ್ಪು ಹಾಕಿದ ಸಾರನ್ನು ನಾಯಿಯೂ ಮೂಸುವುದಿಲ್ಲ ಎಂಬುದು ಹಳಬರ ಅನುಭವ. ಚಿಕ್ಕತಾಯಮ್ಮನ ಮನೆಯಲ್ಲಿ ಆ ಕೈ ಅವಳ ಒಬ್ಬಳೇ ಮಗಳು ದೇವೀರಿಯದು. ತಾಯಿ ಕಾಳು ಬೇಯಿಸಿ, ಸೊಪ್ಪು ಹಾಕಿ, ಖಾರ ಅರೆದು, ಮಡಕೆಯನ್ನು ಒಲೆಯಿಂದ ಇಳಿಸಿ, ಹಿತ್ತಿಲ ಬಾಗಿಲ ಕಡೆಗೆ ತಿರುಗಿ ಕೂಗುತ್ತಿದ್ದಳು, “ರುಚಿ ನೋಡೇ.” ಉರಿಯುವ ಒಲೆಯ ಮುಂದೆ ಉಪ್ಪನ್ನು ಉಪ್ಪು ಎಂದು ಹೆಸರು ಹಿಡಿದು ಕರೆಯಬಾರದು, ರುಚಿ ಎನ್ನಬೇಕು ಎಂಬ ನಡವಳಿಕೆ ಅವರದು. ಹಾಗಾಗಿ ಆ ಮನೆಯಲ್ಲಿ ರುಚಿ ನೋಡು ಎಂದರೆ ಉಪ್ಪು ಹಾಕು ಎಂದೇ ಅರ್ಥ. ಮಗಳು ಬಂದು, ಕಲ್ಲಿನ ಮರಿಗೆಯಿಂದ ಹಿಡಿ ತುಂಬ ಉಪ್ಪು ತೆಗೆದು, ಅದರಲ್ಲಿ ಒಂದಿಷ್ಟನ್ನು ಮರಿಗೆಗೇ ಹಿಂದಕ್ಕೆ ಉದುರಿಸಿ, ಉಳಿದದ್ದನ್ನು ಮಡಕೆಗೆ ಹಾಕುವಳು. ತೆಗೆದದ್ದನ್ನು ಯಾಕೆ ಹಿಂದಕ್ಕೆ ಹಾಕುತ್ತೀಯೇ ಎಂದು ಗೆಳತಿ ನಿಂಗಾಜಿ ಕೇಳಿದರೆ, ನಾಳೆಗೆ ಬೇಡವೇನೆ ಎಂದು ನಗುವಳಂತೆ. ಈ ನಿಂಗಾಜಿ ಎದುರು ಜಗಲಿಯಲ್ಲಿ ಹೂ ಕಟ್ಟಿ ಮಾರುತ್ತಿದ್ದ ಹುಡುಗಿ, ನನ್ನ ಅಜ್ಜಿಯ ತಾಯಿ. ಅಜ್ಜಿಯ ಬಾಯಿಂದ ನಾನು ಕೇಳಿದ್ದನ್ನೇ ಇಲ್ಲಿ ಹೇಳುತ್ತಿರುವುದು, ಕಡ್ಡಿಯನ್ನು ಗುಡ್ಡ ಮಾಡುವ ಅಭ್ಯಾಸ ನನಗಿಲ್ಲ.

ಆಮೇಲೆ ಪ್ಲೇಗು ಬಂತು. ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಡಬೇಕಿದ್ದ ಕಾಲ ಅದು. ಇಡೀ ಪೇಟೆ ಬಾಗಿಲು ಹಾಕಿಕೊಂಡು ಊರಾಚೆಯ ಬಯಲಿನಲ್ಲಿ ಗುಡಿಸಲು ಹೂಡಿತು. ಅಲ್ಲಿ ದೇವೀರಿಗೆ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು, ಹೋದಳು. ಎತ್ತಿಕೊಂಡು ಹೋದವರು ತಾಯಿಯನ್ನು ಹತ್ತಿರಕ್ಕೆ ಬಿಡಲಿಲ್ಲ. ಬಾಯಿಗೆ ನೀರು ಬಿಡಲಿಕ್ಕೂ ಅವಳಿಗೆ ಆಗಲಿಲ್ಲ. ರೋಗ ತಣ್ಣಗಾಗಿ ಜನ ಊರಿಗೆ ಮರಳಿದಾಗ ಚಿಕ್ಕತಾಯಮ್ಮನೂ ಎಲ್ಲರ ಹಿಂದೆ ನಡೆದು ಬಂದಳು, ಬೀಗ ತೆಗೆದಳು, ಮನೆ ಸಾರಿಸಿದಳು, ಒಲೆ ಹಚ್ಚಿದಳು. ಅಳಲಿಲ್ಲ. ಅಯ್ಯೋ ಎನ್ನಲಿಲ್ಲ. ಯಾರಾದರೂ ಎದುರು ಕುಳಿತು ಕಣ್ಣೀರು ಹಾಕಿದರೆ, ಮಳೆ ಬರುವುದನ್ನು ನೋಡುವಂತೆ ನೋಡುತ್ತಿದ್ದಳು.

ಮೊದಲ ದಿನ ಊಟಕ್ಕೆ ಕುಳಿತವರು ತುತ್ತು ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಪ್ಸಾರಿಗೇ ಉಪ್ಪಿಲ್ಲ. ಸೂತಕದ ಮನೆ, ಸಪ್ಪೆ ಅಡುಗೆ ಇರಬಹುದೆಂದು ಸುಮ್ಮನೆ ಉಂಡೆದ್ದರು. ಮರುದಿನವೂ ಸಪ್ಪೆ. ಸೂತಕ ಕಳೆದ ಮೇಲೂ ಸಪ್ಪೆ. ಮರೆತಳೇ, ನಾಲಿಗೆ ಸತ್ತಿತೇ ಎಂದು ಬೀದಿ ಮಾತಾಡಿಕೊಂಡಿತು. ಎದುರು ಜಗಲಿಯಿಂದ ಅವಳ ಒಲೆ ಕಾಣುತ್ತಿದ್ದ ನಿಂಗಾಜಿಗೆ ಮಾತ್ರ ಸಂಗತಿ ತಿಳಿದಿತ್ತು. ಚಿಕ್ಕತಾಯಮ್ಮ ಪ್ರತಿದಿನ ಮಡಕೆ ಇಳಿಸಿ, ಹಿತ್ತಿಲ ಬಾಗಿಲಿಗೆ ತಿರುಗಿ, “ರುಚಿ ನೋಡೇ” ಎಂದು ಕೂಗುತ್ತಿದ್ದಳು. ಕೂಗಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಆಮೇಲೆ ಉಪ್ಪು ಬಿದ್ದೇ ಬಿದ್ದಿದೆ ಎನ್ನುವವಳಂತೆ ಎಲೆ ಹಾಸಲು ಜಗಲಿಗೆ ಹೋಗುತ್ತಿದ್ದಳು. ಉಪ್ಪು ಹಾಕುವುದು ಅವಳ ಕೆಲಸವಾಗಿರಲಿಲ್ಲ. ತಾನೇ ಹಾಕಿದರೆ ಹಾಕುವವಳು ಇಲ್ಲ ಎಂದು ತಾನೇ ಒಪ್ಪಿಕೊಂಡ ಹಾಗೆ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಎಲ್ಲರೂ ಆಡುತ್ತಾರೆ. ಆ ಎರಡರಲ್ಲಿ ಒಂದನ್ನು ಉಳಿಸಿಕೊಳ್ಳಬೇಕಾದರೆ ಯಾವುದು ಎಂದು ಈ ಬೀದಿಗೆ ಮಾತ್ರ ಪ್ರಶ್ನೆ ಬಂತು. ಹಳೆಯ ಗಿರಾಕಿಗಳು ಎಲೆಯಡಿಕೆ ಸಂಚಿಯಲ್ಲಿ, ಪಂಚೆಯ ಗಂಟಿನಲ್ಲಿ ಉಪ್ಪಿನ ಹರಳು ಇಟ್ಟುಕೊಂಡು ಬರತೊಡಗಿದರು. ಅವಳು ಒಳಗೆ ಹೋದಾಗ ಎಲೆಗೆ ಉದುರಿಸಿಕೊಂಡು, ಬಂದಾಗ ಕೈ ಮುಚ್ಚಿಕೊಂಡು, ಕದ್ದವರ ಹಾಗೆ ಉಂಡರು. ಆದರೆ ಹೊಸಬರಿಗೆ ಇದೆಲ್ಲ ಯಾಕೆ ಬೇಕು? ಒಂದು ತುತ್ತು ತಿಂದು ಕೈ ತೊಳೆದು ಎದ್ದರು. ಸಂತೆಮಾಳದಲ್ಲಿ ಹೊಸದೊಂದು ಊಟದ ಮನೆ ತೆರೆಯಿತು, ಗಾಡಿಗಳು ಅತ್ತ ತಿರುಗಿದವು. ಚಿಕ್ಕತಾಯಮ್ಮನ ಜಗಲಿಯಲ್ಲಿ ಹಾಸಿದ ಎಲೆಗಳು ಹಾಗೇ ಒಣಗತೊಡಗಿದವು. ಅವಳಿಗೆ ಅದೂ ತಟ್ಟಲಿಲ್ಲ. ಆದರೆ ನಿಂಗಾಜಿಗೆ ಹೆದರಿಕೆ ಹತ್ತಿತು. ಉಣ್ಣುವವರು ಬರುತ್ತಾರೆ ಎಂದೇ ಆ ಹೆಂಗಸು ಬೆಳಗ್ಗೆ ಏಳುತ್ತಿದ್ದಳು, ನೀರು ಸೇದುತ್ತಿದ್ದಳು, ಒಲೆ ಹಚ್ಚುತ್ತಿದ್ದಳು. ಯಾರೂ ಬರದ ದಿನ ಅವಳು ಏಳುವುದೇ ಇಲ್ಲ.

ಹಾಗಾಗಿ ಒಂದು ದಿನ, ಕೂಗು ಮುಗಿದು ಚಿಕ್ಕತಾಯಮ್ಮ ಎಲೆ ಹಾಸಲು ಹೋದಾಗ, ನಿಂಗಾಜಿ ಹಿತ್ತಿಲ ಬಾಗಿಲಿನಿಂದ ಒಳಹೊಕ್ಕಳು. ದೇವೀರಿ ಮಾಡುತ್ತಿದ್ದ ಹಾಗೆಯೇ ಮರಿಗೆಯಿಂದ ಹಿಡಿ ತುಂಬ ತೆಗೆದು, ಒಂದಿಷ್ಟನ್ನು ಹಿಂದಕ್ಕೆ ಉದುರಿಸಿ, ಉಳಿದದ್ದನ್ನು ಮಡಕೆಗೆ ಹಾಕಿ ಕದಡಿದಳು. ಬರಿಯ ಉಪಕಾರ, ಬೇರೆ ಏನೂ ಅವಳ ಮನಸ್ಸಿನಲ್ಲಿರಲಿಲ್ಲ. ಆವತ್ತು ಪಂಕ್ತಿಯಲ್ಲಿ ಗಾಡಿ ಕುಳ್ಳೇಗೌಡ ಎಂಬವನಿದ್ದ. ಒಳ್ಳೆಯವನು, ಆದರೆ ನಾಲಿಗೆಗೆ ಎಲುಬಿಲ್ಲ. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟವನೇ ತೊಡೆ ತಟ್ಟಿಕೊಂಡ. “ಅಯ್ ತಾಯವ್ವ! ಬಂತಲ್ಲವ್ವ ರುಚಿ! ಇದು ದೇವೀರಿ ಕೈಯೇ ಕಣವ್ವ!”

ಸಾರು ಬಡಿಸುತ್ತಿದ್ದ ಸೌಟು ನೆಲಕ್ಕೆ ಬಿತ್ತು. “ಬಂದ್ಲಾ?” ಎಂದಳು ಚಿಕ್ಕತಾಯಮ್ಮ. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ಮುಖಕ್ಕೆ ಜೀವ ಬಂದಿತ್ತಂತೆ. ಒಳಗೆ ಓಡಿದಳು. ಒರಳುಕಲ್ಲಿನ ಹಿಂದೆ ನೋಡಿದಳು, ಸೌದೆಯ ಮರೆಗೆ ನೋಡಿದಳು, ಬಾವಿಯ ಕಟ್ಟೆಯವರೆಗೆ ಹೋಗಿ ಬಂದಳು. ಜಗಲಿಯಲ್ಲಿದ್ದವರ ಕೈ ಎಲೆಯ ಮೇಲೇ ನಿಂತುಬಿಟ್ಟಿತು. ಆಗಲೇ ಹೊರಬೀಳಲಾಗದೆ ಒಲೆಯ ಪಕ್ಕದ ಮೂಲೆಯಲ್ಲಿ ಅಡಗಿದ್ದ ನಿಂಗಾಜಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು, ಒದ್ದೆ ಬೆರಳುಗಳಿಗೆ ಉಪ್ಪು ಮೆತ್ತಿಕೊಂಡಿತ್ತು.

“ನಾನು ಕಣವ್ವ,” ಎಂದಳು. “ಅವಳಲ್ಲ. ನಾನು ಹಾಕ್ದೆ.”

ಚಿಕ್ಕತಾಯಮ್ಮ ಆ ಕೈಯನ್ನು ಹಿಡಿದುಕೊಂಡಳು. ಬಯ್ಯಲಿಲ್ಲ, ಹೊಡೆಯಲಿಲ್ಲ. ಆ ಬೆರಳಿನಿಂದ ಒಂದು ಹರಳು ತೆಗೆದು ತನ್ನ ನಾಲಿಗೆಯ ಮೇಲಿಟ್ಟುಕೊಂಡಳು. ಆಮೇಲೆ, ಉರಿಯುವ ಒಲೆಯ ಮುಂದೆ ಯಾರೂ ಆಡದ ಮಾತನ್ನು ಆಡಿದಳು. “ಉಪ್ಪು,” ಎಂದಳು. “ಬರೀ ಉಪ್ಪು ಕಣ್ ಮಗ.” ಅಲ್ಲೇ ನೆಲಕ್ಕೆ ಕುಳಿತಳು. ಆಗ ಅತ್ತಳೆಂದು ಕೆಲವರು ಹೇಳುತ್ತಾರೆ. ಅಳಲಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು, ಅಳುವುದಕ್ಕೂ ಒಳಗೆ ಏನಾದರೂ ಉಳಿದಿರಬೇಕಲ್ಲ ಎನ್ನುತ್ತಿದ್ದಳು. ಇನ್ನು ಕೆಲವರು ಕಥೆಯನ್ನೇ ತಿರುಚಿ, ದೇವೀರಿಯ ಆತ್ಮವೇ ಬಂದು ಉಪ್ಪು ಹಾಕಿತ್ತು ಎಂದು ಪ್ರವಾಸಿಗಳ ಮುಂದೆ ಬಿಡುತ್ತಾರೆ. ತಲೆಹರಟೆ. ದೆವ್ವಕ್ಕೂ ಉಪ್ಪಿಗೂ ಎಣ್ಣೆ ಸೀಗೆಕಾಯಿ ಸಂಬಂಧ, ಅದಕ್ಕೆ ಎಡೆ ಇಡುವಾಗಲೇ ಉಪ್ಪು ಹಾಕುವುದಿಲ್ಲ, ಅಷ್ಟೂ ತಿಳಿಯದವರು ಕಥೆ ಹೇಳಲು ಹೊರಡುತ್ತಾರೆ.

ಮಾರನೆಯ ಬೆಳಗ್ಗೆ ಬೀದಿಯವರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತು ಅವಳ ಹೆಂಚಿನ ಕಡೆಗೇ ನೋಡುತ್ತಿದ್ದರು. ನಿಂಗಾಜಿಯಂತೂ ಒಂದು ಮೊಳ ಹೂವನ್ನೂ ಕಟ್ಟಲಿಲ್ಲ, ಕೊಂದೆನಲ್ಲಪ್ಪ ಅವ್ವನ್ನ ಎಂದು ಸೆರಗು ಕಚ್ಚಿಕೊಂಡು ಕುಳಿತಿದ್ದಳು. ಬಿಸಿಲು ಜಗಲಿಗೆ ಇಳಿಯಿತು. ಹೊಗೆ ಇಲ್ಲ. ಬಳೆಯಂಗಡಿಯವರು ಬಾಗಿಲು ತೆಗೆಯಲಿಲ್ಲ. ಆಮೇಲೆ, ಎಲ್ಲರೂ ಆಸೆ ಬಿಟ್ಟ ಹೊತ್ತಿಗೆ, ಹೆಂಚಿನ ಸಂದಿಯಿಂದ ಹೊಗೆ ಎದ್ದಿತು. ಕಾಳು ಬೆಂದ ವಾಸನೆ ಬಂತು. ಮಡಕೆ ಇಳಿಸಿದ ಸದ್ದಾಯಿತು. “ರುಚಿ ನೋಡೇ” ಎಂಬ ಕೂಗು ಎಂದಿನಂತೆಯೇ ಕೇಳಿಸಿತು. ಎಂದಿನಂತೆಯೇ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮರಿಗೆಯ ಮೇಲಿದ್ದ ಹಲಗೆಯನ್ನು ಸರಿಸಿದ ಸದ್ದು ಬಂತು.

ಹಾಕಿ ಅಭ್ಯಾಸವಿರದ ಕೈ. ತೆಗೆದ ಹಿಡಿಯಷ್ಟನ್ನೂ ಮಡಕೆಗೆ ಹಾಕಿದ್ದಳು, ನಾಳೆಗೆಂದು ಹಿಂದಕ್ಕೆ ಉದುರಿಸಿರಲಿಲ್ಲ. ಆವತ್ತಿನ ಸಾರು ನಾಲಿಗೆ ಸುಡುವಷ್ಟು ಉಪ್ಪು. ಇಡೀ ಬೀದಿ ಕುಳಿತು ಉಂಡಿತು. ಕುಳ್ಳೇಗೌಡ ಹಿಂದಿನ ದಿನದ ತನ್ನ ಬಾಯಿಗೆ ಪ್ರಾಯಶ್ಚಿತ್ತವೆಂಬಂತೆ ಇನ್ನೊಂದು ಸೌಟು ಹಾಕಿಸಿಕೊಂಡು, “ಹದವಾಗೈತೆ ತಾಯವ್ವ” ಎಂದ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಮಾತು ಆ ಮಧ್ಯಾಹ್ನ ಅಕ್ಷರಶಃ ನಡೆಯಿತು, ಹಿತ್ತಿಲ ಬಾವಿಯ ಹಗ್ಗಕ್ಕೆ ಬಿಡುವಿರಲಿಲ್ಲ. ಚಿಕ್ಕತಾಯಮ್ಮನ ಕೈಗೆ ಹದ ಬರಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಗಾಡಿಗಳು ಒಂದೊಂದಾಗಿ ಹಿಂದಕ್ಕೆ ಬಂದವು. ಆದರೆ ಅವಳು ಮುದುಕಿಯಾಗಿ ಕಣ್ಣು ಮುಚ್ಚುವವರೆಗೂ ಒಂದು ದಿನವಾದರೂ ಕೂಗದೆ, ಕೂಗಿ ನಿಲ್ಲದೆ, ಮರಿಗೆಗೆ ಕೈ ಹಾಕಲಿಲ್ಲ. ಅವಳ ನಂತರ ಆ ಒಲೆ ಹಿಡಿದ ನಿಂಗಾಜಿಯೂ ಹಾಗೆಯೇ ಮಾಡಿದಳು. ನೋಡನೋಡುತ್ತ ಅಕ್ಕಪಕ್ಕದ ಒಲೆಗಳೂ ಹಾಗೆಯೇ ಮಾಡಿದವು. ರುಚಿ ನೋಡೇ ಬೀದಿ ಎಂದು ಗಾಡಿಯವರು ಕರೆದರು, ಹೆಸರು ನಿಂತಿತು.

ಈಗ ಆ ಮನೆ ಇಲ್ಲ. ಅಲ್ಲಿ ಮೂರಂತಸ್ತಿನ ಬಟ್ಟೆ ಅಂಗಡಿ ಇದೆ. ಕಲ್ಲಿನ ಮರಿಗೆ ಮಾತ್ರ ಅದರ ಮೆಟ್ಟಿಲ ಪಕ್ಕದಲ್ಲಿ ಉಳಿದಿದೆ, ಬಂದವರು ಅದರೊಳಗೆ ಟೀ ಕಪ್ಪು ಬಿಸಾಡುತ್ತಾರೆ, ಬೆಳಗ್ಗೆ ಯಾರೋ ಅದನ್ನು ತೊಳೆದಿಟ್ಟಿರುತ್ತಾರೆ. ಈ ಬೀದಿಯ ಯಾವ ಹೋಟೆಲಿನಲ್ಲೂ ತಿಂಡಿಗೆ ಮುಂಚೆ ದೊಡ್ಡ ಲೋಟದ ತುಂಬ ನೀರು ತಂದಿಡುತ್ತಾರೆ. ಅದೂ ಆ ಮಧ್ಯಾಹ್ನದ್ದೇ ಪದ್ಧತಿ ಎನ್ನುತ್ತಾರೆ. ಸಂಜೆ ಬಂದು ಬೋಂಡ ತಿಂದು ಹೋಗುವವರಿಗೆ ಇಷ್ಟೇ ಕಾಣುತ್ತದೆ. ಬೆಳಗ್ಗೆ ಅಂಗಡಿಗಳ ಷಟರ್ ಏಳುವ ಹೊತ್ತಿಗೆ ಬಂದರೆ ಇನ್ನೊಂದು ಕಾಣುತ್ತದೆ. ಮೂಲೆಯ ದೋಸೆ ಹೋಟೆಲಿನಲ್ಲಿ ಈಗ ಅಡುಗೆಗೆ ಇರುವವನು ಒಡಿಶಾದ ಕಡೆಯವನು, ಅವನಿಗೆ ಬರುವ ಕನ್ನಡ ಬೆರಳೆಣಿಕೆಯ ಮಾತು. ದಿನದ ಮೊದಲ ಸಾಂಬಾರಿನ ಹಂಡೆ ಇಳಿಸಿದ ಮೇಲೆ ಅವನು ಸೌಟು ಕೆಳಗಿಟ್ಟು, ಹಿಂದಿನ ಬಾಗಿಲಿಗೆ ತಿರುಗಿ, ತನ್ನ ರಾಗದಲ್ಲಿ “ರುಚಿ ನೋಡೇ” ಎಂದು ಕೂಗುತ್ತಾನೆ. ಕಾಫಿಗೆ ಬಂದ ಹೊರಗಿನವರು ಯಾವ ಹುಡುಗಿಯನ್ನು ಕರೆದನೋ ಎಂದು ಆ ಬಾಗಿಲ ಕಡೆಗೆ ಕತ್ತು ತಿರುಗಿಸುತ್ತಾರೆ. ಅವನೂ ಅತ್ತಲೇ ನೋಡುತ್ತ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಯಾರೂ ಬರುವುದಿಲ್ಲ. ಅವನು ಉಪ್ಪು ಹಾಕುತ್ತಾನೆ.