ಗಂಟೆಯೂ ಅದರ ನಾಲಗೆಯೂ

ಊರಿನ ಕ್ರೈಸ್ತ ಸಭೆ ಎರಡಾಗಿ ಒಡೆದಾಗ ಹಿರಿಯರು ಚರ್ಚಿನ ಗಂಟೆಯನ್ನೂ ಪಾಲು ಮಾಡಿದರು. ಗಂಟೆ ಹಳೆಯ ಚರ್ಚಿನಲ್ಲೇ ಉಳಿಯಿತು. ಅದರೊಳಗೆ ತೂಗುತ್ತಿದ್ದ ಕಬ್ಬಿಣದ ನಾಲಗೆ ಎದುರಿನ ಹೊಸ ಚರ್ಚಿಗೆ ಹೋಯಿತು.

ಒಂದು ಮಧ್ಯಾಹ್ನ ಊರಿನ ಹೆಚ್ಚಿನವರು ಹೊಲದಲ್ಲಿದ್ದಾಗ ಹಳೆಯ ಚರ್ಚಿನ ಸೂರಿಗೆ ಬೆಂಕಿ ಹತ್ತಿತು.

"ಅಕ್ಕಾ, ಒಳಗೆ ಮಕ್ಕಳಿದ್ದಾರೆ, ಬೇಗ ಕೂಗು!" ಎಂದಿತು ನಾಲಗೆ.

"ನೀನಿಲ್ಲದೆ ಹೇಗೆ ಕೂಗಲಿ?" ಎಂದಿತು ಗಂಟೆ.

ನಾಲಗೆ ಬೆಚ್ಚಿತು. "ಕರುಣಮ್ಮಾ, ನನ್ನನ್ನು ಎತ್ತಿಕೊಂಡು ಓಡು!" ಎಂದು ಹೊಸ ಚರ್ಚಿನ ಕಸ ಗುಡಿಸುತ್ತಿದ್ದ ಮುದುಕಿಯನ್ನು ಕೂಗಿತು. ಆಕೆ ಅದನ್ನೆತ್ತಿಕೊಂಡು ಹಳೆಯ ಚರ್ಚಿಗೆ ಓಡಿ, ಅದರಿಂದಲೇ ಗಂಟೆಯನ್ನು ಬಡಿದಳು.

ಸದ್ದು ಕೇಳಿ ಹೊಲದಿಂದ ಓಡಿಬಂದ ಎರಡೂ ಸಭೆಯವರು ಒಳಗೆ ನುಗ್ಗಿದರು. ಗುಟ್ಟಾಗಿ ಕ್ರಿಸ್ಮಸ್ ಹಾಡು ಕಲಿಯುತ್ತಿದ್ದ ಆ ಮಕ್ಕಳಲ್ಲಿ ಎರಡೂ ಕಡೆಯವರಿದ್ದರು! ಮೊಮ್ಮಗಳನ್ನು ಎತ್ತಿಕೊಳ್ಳಲು ಬಾಗಿದ ಹಿರಿಯ ದೇವದಾನಪ್ಪ, ಅವಳ ಕೈ ಬಿಡದೆ ಹಿಡಿದಿದ್ದ ಎದುರು ಸಭೆಯ ಹುಡುಗನನ್ನು ಕಂಡು ದಂಗಾಗಿ ನಿಂತ. ಆಮೇಲೆ ಇಬ್ಬರನ್ನೂ ಎತ್ತಿಕೊಂಡ.