ಇಬ್ಬರನ್ನು ಹೊತ್ತ ಗಾಡಿ

“ಗುರುಗಳೇ, ಒಬ್ಬನೇ ಕುಳಿತಾಗ ನನ್ನ ಮನಸ್ಸು ತಿಳಿಯಾಗಿರುತ್ತದೆ. ನಾಲ್ಕು ಜನರ ನಡುವೆ ಹೋದ ಕೂಡಲೇ ಕದಡಿಬಿಡುತ್ತದೆ. ಒಬ್ಬರ ಮಾತು ಚುಚ್ಚುತ್ತದೆ, ಇನ್ನೊಬ್ಬರ ಕೆಮ್ಮನ್ನು ಕೂಡ ಸಹಿಸಲಾಗುವುದಿಲ್ಲ. ದೋಷ ನನ್ನ ಮನಸ್ಸಿನಲ್ಲಿ ಇಲ್ಲವೆಂದೇ ತೋರುತ್ತದೆ. ಗುಡ್ಡದ ಮೇಲಿನ ಗುಡಿಸಲಿನಲ್ಲಿ ಸ್ವಲ್ಪ ಕಾಲ ಇದ್ದುಬರಲು ಅಪ್ಪಣೆಯಾಗಬೇಕು.”

ಹೀಗೆ ಕೇಳಿದವನು ಪ್ರಭುಲಿಂಗ. ಅವನು ಮಠಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಗುರುಗಳು ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮೊರವನ್ನು ಅವನ ಕಡೆಗೂ ಸ್ವಲ್ಪ ಸರಿಸಿ ಒಂದು ಕತೆ ಹೇಳಿದರು.

ಬೆಟ್ಟದ ಬುಡದ ಒಂದು ಪೇಟೆಯಲ್ಲಿ ಮಾದೇಶ ಎಂಬವನಿದ್ದ. ಲಗ್ನಪತ್ರಿಕೆ ಅಚ್ಚು ಹಾಕಿಕೊಡುವುದು ಅವನ ಕಸುಬು. ಅವನ ಹೆಂಡತಿ ರತ್ನಮಣಿ. ಅವಳ ತವರು ಬೆಟ್ಟದ ಮೇಲಿನ ಊರು. ಹಬ್ಬಕ್ಕೆ, ಹುಣ್ಣಿಮೆಗೆ, ಕೆಲವು ಸಲ ಏನೂ ಕಾರಣವಿಲ್ಲದೆಯೂ ಇಬ್ಬರೂ ಬೈಕಿನಲ್ಲಿ ಅಲ್ಲಿಗೆ ಹೋಗಿಬರುತ್ತಿದ್ದರು. ರತ್ನಮಣಿ ಹಿಂದೆ ಕುಳಿತು ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಅರ್ಧ ಮಾತು ಗಾಳಿಗೆ ಹಾರಿಹೋಗುತ್ತಿತ್ತು. ಮಾದೇಶ ಕೇಳಿಸಿದ್ದಕ್ಕೂ ಕೇಳಿಸದ್ದಕ್ಕೂ ಹೂಂ ಎನ್ನುತ್ತಿದ್ದ. ಇಬ್ಬರಿಗೂ ಅದು ಸುಖವಾಗಿತ್ತು.

ಒಮ್ಮೆ ಮಾದೇಶನಿಗೆ ತನ್ನ ಗಾಡಿಯ ಸದ್ದು ಇನ್ನಷ್ಟು ಗಂಭೀರವಾಗಿರಬೇಕು ಅನ್ನಿಸಿತು. ಇದ್ದ ಸೈಲೆನ್ಸರ್ ಬಿಚ್ಚಿಸಿ ಬೇರೆಯದನ್ನು ಹಾಕಿಸಿದ. ಗಾಳಿ ಧಾರಾಳವಾಗಿ ಒಳಗೆ ಹೋಗಲೆಂದು ಏರ್ ಫಿಲ್ಟರನ್ನೂ ಬದಲಾಯಿಸಿದ. ಸದ್ದೇನೋ ಅವನು ಬಯಸಿದಂತೆ ಬಂತು, ಓಟ ಕೆಟ್ಟಿತು. ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ಒಂದು ಕ್ಷಣ ತಡವರಿಸಿ ಆಮೇಲೆ ಮುಂದಕ್ಕೆ ನುಗ್ಗುತ್ತಿತ್ತು. ಕೈ ಸಡಿಲಿಸಿದರೆ ಸೈಲೆನ್ಸರಿನಲ್ಲಿ ಪಟಪಟ ಸಿಡಿಯುತ್ತಿತ್ತು.

ಹಿಂದಿನ ಕಾಲದ ಗಾಡಿಯಾಗಿದ್ದರೆ ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ ಸರಿಮಾಡಬಹುದಿತ್ತು. ಈ ಗಾಡಿಯಲ್ಲಿ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕೆಲಸ ಒಂದು ಪುಟ್ಟ ಕಂಪ್ಯೂಟರಿನದು. ಅದರೊಳಗೆ ಚೌಕಾಬಾರದ ಹಾಸಿನಂತೆ ಮನೆಮನೆಯಾಗಿ ಬರೆದ ಒಂದು ಕೋಷ್ಟಕ. ಇಂಜಿನ್ ಇಷ್ಟು ವೇಗದಲ್ಲಿದ್ದು ಆಕ್ಸಿಲರೇಟರ್ ಇಷ್ಟು ತಿರುಗಿದ್ದರೆ ಇಷ್ಟು ಪೆಟ್ರೋಲ್ ಕೊಡು ಎಂದು ಪ್ರತಿ ಮನೆಯಲ್ಲೂ ಒಂದು ಅಂಕಿ. ಈಗ ಒಳಗೆ ಹೋಗುವ ಗಾಳಿ ಹೆಚ್ಚಾಗಿತ್ತು. ಅಂಕಿಗಳು ಹಳೆಯವೇ ಇದ್ದವು. ಹಾಗಾಗಿ ಇಂಜಿನ್ನಿಗೆ ಪೆಟ್ರೋಲ್ ಸಾಲದೆ ಬರುತ್ತಿತ್ತು.

ಹಳೆಯ ಸೈಲೆನ್ಸರನ್ನೇ ಹಾಕಿಬಿಡು ಎಂದು ಗ್ಯಾರೇಜಿನವನು ಹೇಳಿದ. ಮಾದೇಶ ಒಪ್ಪಲಿಲ್ಲ. ಕಂಪ್ಯೂಟರ್ ಅವನಿಗೆ ಹೊಸದಾಗಿರಲಿಲ್ಲ, ದಿನವೆಲ್ಲ ಅದರ ಮುಂದೆಯೇ ಕುಳಿತು ಗಣಪತಿ ಚಿತ್ರಗಳನ್ನು ಹಿಂದೆ ಮುಂದೆ ಸರಿಸುತ್ತಿದ್ದವನು. ಗಾಡಿಗೂ ಲ್ಯಾಪ್‌ಟಾಪಿಗೂ ನಡುವೆ ಹಾಕುವ ಕೇಬಲ್ ತರಿಸಿಕೊಂಡ. ಹೊಗೆಯನ್ನು ಪರೀಕ್ಷಿಸಿ ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ತಿಳಿಸುವ ಸೆನ್ಸರ್ ಒಂದನ್ನು ಸೈಲೆನ್ಸರಿನ ಕೊಳವೆಗೆ ಕೂರಿಸಿದ. ವಿಡಿಯೋ ನೋಡಿ ವಿದ್ಯೆ ಕಲಿತ.

ಆಮೇಲೆ ಹಿತ್ತಲಲ್ಲಿ ಅವನ ತಪಸ್ಸು ಶುರುವಾಯಿತು. ಗಾಡಿಯನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸುತ್ತಿದ್ದ. ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು. ಅವನು ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು ಒಂದು ಮನೆಯ ಅಂಕಿ ಏರಿಸುತ್ತಿದ್ದ, ಇನ್ನೊಂದರದು ಇಳಿಸುತ್ತಿದ್ದ, ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದ. ರತ್ನಮಣಿ ಒಣಹಾಕಿದ ಬಟ್ಟೆಗೆಲ್ಲ ಪೆಟ್ರೋಲಿನ ವಾಸನೆ ಹಿಡಿಯಿತು. ಅವಳು ಹಗ್ಗವನ್ನು ಮನೆಯ ಮುಂದಕ್ಕೆ ಕಟ್ಟಿಕೊಂಡಳು.

ಕೆಲಸ ಫಲಿಸಿತು. ಇಂಜಿನ್ ಬೆಕ್ಕಿನ ಮರಿಯಂತೆ ಗುರುಗುಟ್ಟಿತು. ಮಾದೇಶ ಒಬ್ಬನೇ ಬೈಪಾಸ್ ರಸ್ತೆಯಲ್ಲಿ ಓಡಿಸಿ ನೋಡಿದ. ಎಲ್ಲಿಯೂ ತಡವರಿಕೆ ಇರಲಿಲ್ಲ. ಅವನಿಗೆ ಆದ ಸಂತೋಷ ಸುಳ್ಳಿನದಲ್ಲ. ತನ್ನ ಕೈಯಿಂದ ಒಂದು ವಸ್ತು ಸರಿಹೋದರೆ ಯಾರಿಗೆ ತಾನೇ ಸಂತೋಷವಾಗುವುದಿಲ್ಲ?

ಮುಂದಿನ ಹಬ್ಬಕ್ಕೆ ರತ್ನಮಣಿಯನ್ನು ಕೂರಿಸಿಕೊಂಡು ಬೆಟ್ಟಕ್ಕೆ ಹೊರಟ. ಸಮತಟ್ಟಾದ ದಾರಿ ಮುಗಿದು ಏರು ಶುರುವಾಯಿತು. ಮೊದಲ ತಿರುವಿನಲ್ಲಿ ಹಿಂದಿನಿಂದ ಒಂದು ಬಸ್ಸು ಬರುತ್ತಿತ್ತು. ಮಾದೇಶ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದ. ಇಂಜಿನ್ ಬಿಕ್ಕಳಿಸಿ ನಿಂತೇಹೋಯಿತು. ಗಾಡಿ ಹಿಂದಕ್ಕೆ ಉರುಳತೊಡಗಿತು. ರತ್ನಮಣಿ ಹಾರಿ ಕೆಳಗೆ ಬಿದ್ದಳು. ಬಸ್ಸಿನವನು ಬ್ರೇಕ್ ಒತ್ತದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಅವಳ ಅಂಗೈ ತರಚಿ ರಕ್ತ ಬಂದಿತ್ತು. ಮಾದೇಶ ಹೆದರಿಹೋಗಿದ್ದ. ಹೆದರಿದವನ ಬಾಯಲ್ಲಿ ಒಳ್ಳೆಯ ಮಾತು ಬರುವುದು ಕಡಿಮೆ.

“ನಾನೊಬ್ಬನೇ ಹೋದರೆ ಎಷ್ಟು ಚೆನ್ನಾಗಿ ಓಡುತ್ತೆ ಗೊತ್ತಾ? ನೀನು ಕೂತರೇನೇ ಇದಕ್ಕೆ ಉಸಿರು ಕಟ್ಟೋದು” ಎಂದ.

ರತ್ನಮಣಿ ಸೆರಗಿನಿಂದ ಅಂಗೈ ಒರೆಸಿಕೊಂಡಳು. “ಹಾಗಾದರೆ ನೀವೊಬ್ಬರೇ ಓಡಾಡಿ” ಎಂದಳು.

ಅಂದಿನಿಂದ ಅವಳು ಬಸ್ಸಿನಲ್ಲಿ ಹೋಗಿಬರತೊಡಗಿದಳು. ಜಗಳವಾಡಲಿಲ್ಲ. ಅಡುಗೆ ಕೆಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಕೇಳದೆ ಹೇಳುತ್ತಿದ್ದ ಮಾತುಗಳು ಮಾತ್ರ ನಿಂತುಹೋದವು.

ಮಾದೇಶ ಮತ್ತೆ ಹಿತ್ತಲಿಗೆ ಹೋದ. ಮತ್ತೆ ಸ್ಟ್ಯಾಂಡ್ ಹಾಕಿದ. ಸ್ಟ್ಯಾಂಡಿನ ಮೇಲೆ ಗಾಡಿಯಲ್ಲಿ ಒಂದು ಕುಂದೂ ಕಾಣಲಿಲ್ಲ. ಆದರೂ ಅಂಕಿಗಳನ್ನು ತಿದ್ದಿದ. ನುಣುಪಾಗಿದ್ದದ್ದು ಇನ್ನೂ ನುಣುಪಾಯಿತು. ಅಂಗಡಿಗೆ ಬಂದವರನ್ನು ಹೊರಗೆ ಕರೆದುಕೊಂಡು ಹೋಗಿ ಸದ್ದು ಕೇಳಿಸುತ್ತಿದ್ದ. ಲಗ್ನಪತ್ರಿಕೆಗೆ ಬಂದವರು ವಧುವಿನ ಹೆಸರು ಹೇಳುವುದನ್ನು ಬಿಟ್ಟು ತಲೆಯಾಡಿಸುತ್ತಿದ್ದರು. ಸಂಜೆ ಒಬ್ಬನೇ ಬೈಪಾಸಿನಲ್ಲಿ ಸುತ್ತಿ ಬರುತ್ತಿದ್ದ. ಒಂದು ಸಂಜೆ ಹಾಗೆ ಹೋಗುತ್ತಿರುವಾಗ ತನ್ನಷ್ಟಕ್ಕೆ ಹೂಂ ಎಂದುಬಿಟ್ಟ. ಹಿಂದೆ ಯಾರೂ ಇರಲಿಲ್ಲ. ಗಾಡಿ ತಿರುಗಿಸಿ ಮನೆಗೆ ಬಂದ.

ಹೀಗಿರುವಾಗ ರತ್ನಮಣಿಯ ತಮ್ಮನಿಗೆ ಹೆಣ್ಣುಮಗುವಾಯಿತು. ನಾಮಕರಣದ ದಿನ ಬಂತು. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ಅವಳು ಬೆಳಗ್ಗೆಯೇ ತೊಟ್ಟಿಲಿನ ಬಟ್ಟೆ, ಬಳೆ, ಕುಲಾವಿಗಳ ಗಂಟು ಹಿಡಿದುಕೊಂಡು ಬಸ್ ನಿಲ್ದಾಣಕ್ಕೆ ಹೋದಳು. ಬೆಟ್ಟದ ಬಸ್ಸು ಕೆಟ್ಟು ನಿಂತಿತ್ತು. ಇನ್ನೊಂದು ಬರುವ ಹೊತ್ತಿಗೆ ಶಾಸ್ತ್ರದ ಹೊತ್ತು ಮೀರಿರುತ್ತದೆ. ಅವಳು ತಿರುಗಿ ಬಂದು ಗೇಟಿನ ಹತ್ತಿರ ನಿಂತಳು. ಬಸ್ಸು ಕೆಟ್ಟಿದೆ ಎಂದಷ್ಟೇ ಹೇಳಿದಳು.

ಮಾದೇಶ ಬಟ್ಟೆ ತಂದು ಹಿಂದಿನ ಸೀಟಿನ ದೂಳು ಒರೆಸಿದ. ಲ್ಯಾಪ್‌ಟಾಪನ್ನು ಈ ಸಲ ಕೇಬಲಿಗೆ ಸಿಕ್ಕಿಸಿ ಚೀಲದಲ್ಲಿಟ್ಟುಕೊಂಡ. ಗಾಡಿ ಓಡಿದ ಬಗೆಯನ್ನು ಅದು ದಾಖಲಿಸಿಕೊಳ್ಳುತ್ತಿತ್ತು. ಇಬ್ಬರೂ ಹೊರಟರು.

ಅದೇ ತಿರುವಿನಲ್ಲಿ ಗಾಡಿ ಮತ್ತೆ ಬಿಕ್ಕಳಿಸಿತು. ಈ ಸಲ ಮಾದೇಶ ಮೊದಲೇ ಎಚ್ಚರವಾಗಿದ್ದ. ಇಂಜಿನ್ ಆರುವ ಮುಂಚೆ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಹಳೆಯ ಮಾತೇ ಮತ್ತೆ ನಾಲಿಗೆಯ ತುದಿಗೆ ಬಂದಿತ್ತು. ತಿರುಗಿ ನೋಡಿದರೆ ಹಿಂದೆ ರತ್ನಮಣಿ ಇರಲಿಲ್ಲ. ಅವಳು ಆಗಲೇ ಇಳಿದು, ಗಂಟನ್ನು ಕಂಕುಳಲ್ಲಿ ಹಿಡಿದು, ಏರಿನಲ್ಲಿ ನಡೆಯುತ್ತ ಹೋಗುತ್ತಿದ್ದಳು. ಗಾಡಿಗೆ ತಾನು ಭಾರವಾಗಬಾರದೆಂದು ಯಾರೂ ಹೇಳದೆಯೇ ಇಳಿದಿದ್ದಳು.

ಮಾದೇಶ ಗಾಡಿಗೆ ಸ್ಟ್ಯಾಂಡ್ ಹಾಕಿದ. ಅವನು ರಸ್ತೆಯ ಕಟ್ಟೆಯ ಮೇಲೆ ಕುಳಿತ. ಏನು ಮಾಡುವುದೆಂದು ತೋಚದೆ ಲ್ಯಾಪ್‌ಟಾಪ್ ತೆರೆದ.

ಇಂಜಿನ್ ಯಾವ ಯಾವ ಮನೆಗಳಿಗೆ ಹೋಗಿಬಂದಿತ್ತೋ ಆ ಮನೆಗಳಿಗೆ ಬಣ್ಣ ಬಂದಿತ್ತು. ಕೋಷ್ಟಕದ ಒಂದು ಮೂಲೆಯಲ್ಲಿ ಅವನು ಈವರೆಗೆ ನೋಡದ ಬಣ್ಣವಿತ್ತು. ಇಂಜಿನ್ನಿನ ವೇಗ ಕಡಿಮೆ, ಆಕ್ಸಿಲರೇಟರ್ ಪೂರ್ತಿ: ಆ ಮನೆಗಳು. ಅಲ್ಲಿದ್ದ ಅಂಕಿಗಳನ್ನು ಅವನು ಒಂದು ದಿನವೂ ಮುಟ್ಟಿರಲಿಲ್ಲ. ಮುಟ್ಟಲು ಕಾರಣವೇ ಬಂದಿರಲಿಲ್ಲ. ಸ್ಟ್ಯಾಂಡಿನ ಮೇಲಿದ್ದ ಗಾಡಿ ಬೆರಳು ತಾಕಿಸಿದರೆ ಸಾಕು, ವೇಗ ಹಿಡಿಯುತ್ತಿತ್ತು. ಬೈಪಾಸಿನಲ್ಲಿ ಒಬ್ಬನೇ ಹೋದಾಗಲೂ ಹಾಗೇ. ಇಬ್ಬರು ಕುಳಿತು ಏರು ಹತ್ತಿದರೆ ಮಾತ್ರ ಇಂಜಿನ್ ಆ ಮೂಲೆಗೆ ಬರುತ್ತಿತ್ತು. ಇನ್ನೊಂದು ವರ್ಷ ಹಿತ್ತಲಲ್ಲಿ ಕುಳಿತು ತಿದ್ದಿದ್ದರೂ ಅವನಿಗೆ ಅದು ಕಾಣುತ್ತಿರಲಿಲ್ಲ.

ಕೊರತೆ ಮೊದಲಿನಿಂದ ಅಲ್ಲಿಯೇ ಇತ್ತು. ಹೆಂಡತಿ ಕುಳಿತದ್ದರಿಂದ ಅದು ಕಾಣಿಸಿತು, ಅಷ್ಟೇ. ಮಾದೇಶನಿಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ನಗುವೂ ಬಂತು.

“ರತ್ನಾ, ಬಾ, ಬಂದು ಕೂತ್ಕೋ” ಎಂದು ಕೂಗಿದ. “ನೀನು ಕೂರದೆ ಇದು ಸರಿಹೋಗಲ್ಲ.”

ಗೇಲಿ ಮಾಡುತ್ತಿದ್ದಾನೆಂದುಕೊಂಡು ಅವಳು ತಿರುಗಲಿಲ್ಲ. ಅವನು ಲ್ಯಾಪ್‌ಟಾಪ್ ಹಿಡಿದುಕೊಂಡೇ ಓಡಿಹೋಗಿ ಆ ಮೂಲೆಯನ್ನು ತೋರಿಸಿದ. ಅಂದು ನಾನು ಆಡಿದ ಮಾತು ತಪ್ಪು, ಗಾಡಿಯ ಲೆಕ್ಕದಲ್ಲೂ ತಪ್ಪು ಎಂದ. ರತ್ನಮಣಿಗೆ ಅಂಕಿಗಳು ಅರ್ಥವಾಗಲಿಲ್ಲ. ಅವನ ಮುಖ ಅರ್ಥವಾಯಿತು.

“ನಾನೇನು ಮಾಡಬೇಕು?” ಎಂದಳು.

“ಏನಿಲ್ಲ, ಸುಮ್ಮನೆ ಕೂತಿರು.”

“ಸುಮ್ಮನೆ ಕೂರೋದು ನನ್ನ ಕೈಲಾಗಲ್ಲ” ಎಂದು ಹತ್ತಿ ಕುಳಿತಳು.

ಗಾಡಿಯನ್ನು ಇಳಿಜಾರಿನ ಬುಡಕ್ಕೆ ತಂದು ಮತ್ತೆ ಏರು ಹತ್ತಿಸಿದರು. ಬಿಕ್ಕಳಿಸಿದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಮಾದೇಶ ಆ ಮನೆಗಳಿಗೆ ಪೆಟ್ರೋಲ್ ಸ್ವಲ್ಪ ಹೆಚ್ಚಿಸಿದ. ಮತ್ತೆ ಇಳಿದರು, ಮತ್ತೆ ಹತ್ತಿದರು. ಒಂದು ಸಲ ಪೆಟ್ರೋಲ್ ವಿಪರೀತವಾಗಿ ಗಾಡಿ ಮಂಕಾಯಿತು. ಹಿಂದೆ ಕಪ್ಪು ಹೊಗೆ ಬರುತ್ತಿದೆ ಎಂದು ರತ್ನಮಣಿಯೇ ಹೇಳಿದಳು. ಅವನು ತುಸು ಇಳಿಸಿದ. ಅವನು ಅಂಕಿ ತಿದ್ದುವಾಗ ಅವಳು ಕಟ್ಟೆಯ ಮೇಲೆ ಕುಳಿತು, ಇಷ್ಟು ದಿನ ಹೇಳದೆ ಇಟ್ಟುಕೊಂಡಿದ್ದ ಸುದ್ದಿಗಳನ್ನೆಲ್ಲ ಹೇಳುತ್ತಿದ್ದಳು. ತಮ್ಮನ ಹೆಂಡತಿಯ ಬಸಿರಿನ ಬಯಕೆಗಳು, ಪಕ್ಕದ ಮನೆಯ ಕೋಳಿ, ಬಸ್ಸಿನಲ್ಲಿ ಹೋದಾಗಲೆಲ್ಲ ಸಿಗುತ್ತಿದ್ದ ಒಬ್ಬ ಅಜ್ಜಿ. ಅವನು ಹೂಂ ಎನ್ನುತ್ತಿದ್ದ. ಗಾಳಿ ಇಲ್ಲದ್ದರಿಂದ ಎಲ್ಲವೂ ಕೇಳಿಸುತ್ತಿತ್ತು.

ಕೊನೆಗೆ ಒಂದು ಸಲ ಗಾಡಿ ಆ ತಿರುವನ್ನು ಒಂದೇ ಉಸಿರಿಗೆ ಹತ್ತಿತು. ಮುಂದಿನ ತಿರುವನ್ನೂ ಹತ್ತಿತು. ಬಿಕ್ಕಳಿಕೆ ಇರಲಿಲ್ಲ. ಇಬ್ಬರ ಭಾರವನ್ನೂ ಹೊತ್ತು, ಇಳಿದನಿಯಲ್ಲಿ ಗುನುಗುತ್ತ ಏರಿತು. ಅಷ್ಟರಲ್ಲಿ ರತ್ನಮಣಿ ಅವನ ಬೆನ್ನು ತಟ್ಟಿ “ನಿಲ್ಲಿಸಿ” ಎಂದಳು. ಮಾದೇಶ ಗಾಬರಿಯಾಗಿ ನಿಲ್ಲಿಸಿದ.

“ಇನ್ನೊಂದು ಸಲ ಇಳಿದು ಹತ್ತೋಣ” ಎಂದಳು.

“ಯಾಕೆ, ಇನ್ನೂ ತಡವರಿಸಿತಾ?”

“ಇಲ್ಲ ರೀ. ಚೆನ್ನಾಗಿತ್ತು, ಅದಕ್ಕೆ.”

ಅವನು ಗಾಡಿ ತಿರುಗಿಸಿದ. ಶಾಸ್ತ್ರದ ಹೊತ್ತು ಮೀರುತ್ತಿದೆ ಎಂದು ಅವನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ತವರಿನವರು ತೊಟ್ಟಿಲಿಗೆ ಹೂ ಕಟ್ಟಿ ಕಾಯುತ್ತಿದ್ದರು. ರತ್ನಮಣಿಯ ತಾಯಿ ತಡವಾಯಿತೆಂದು ಬಾಗಿಲಲ್ಲೇ ಬೈದಳು, ಬೈಯುತ್ತಲೇ ಕಾಲಿಗೆ ನೀರು ಕೊಟ್ಟಳು. ಸೋದರತ್ತೆ ದೂಳು ಮೆತ್ತಿದ ಕೂದಲಲ್ಲೇ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ಮಾದೇಶ ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಅವರೆಕಾಯಿಯೂ ಮುಗಿಯುತ್ತ ಬಂದಿತ್ತು. ಪ್ರಭುಲಿಂಗ ಕೈಯಲ್ಲಿದ್ದ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದ.

“ಹಾಗಾದರೆ ನಾನು ಗುಡಿಸಲಿಗೆ ಹೋಗಬಾರದೇ, ಗುರುಗಳೇ?” ಎಂದು ಕೇಳಿದ.

“ಹೋಗಬಹುದು” ಎಂದರು ಗುರುಗಳು, “ಜೊತೆಗೆ ಯಾರನ್ನು ಕರೆದುಕೊಂಡು ಹೋಗುತ್ತೀ ಎಂಬುದನ್ನು ಮಾತ್ರ ಹೇಳು.”