ಮಂಗಳನ ಗಾಳಿ ಎಲ್ಲಿ ಹೋಯಿತು

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿನ ಗುರುವನ್ನು ಎಲ್ಲರೂ ಅಪ್ಪಾರು ಎನ್ನುತ್ತಿದ್ದರು.

ಶಿಷ್ಯರಲ್ಲಿ ಶಿವಬಸಪ್ಪ ಎಂಬವನು ಕಾಲೇಜಿನಲ್ಲಿ ಗ್ರಹಗಳ ಪಾಠ ಹೇಳಿ ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ಬಂದು ಸೇರಿದ್ದ. ತನಗೆ ವೈರಾಗ್ಯ ಬಂದಿದೆ ಎಂದು ತಾನೇ ತೀರ್ಮಾನಿಸಿಕೊಂಡಿದ್ದ.

ಅಮಾವಾಸ್ಯೆಗೊಮ್ಮೆ ಅವನ ಮಗಳು ನೀಲಮ್ಮ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ಆ ದಿನ ಅವನು ಬಾಗಿಲು ಹಾಕಿಕೊಂಡು ಧ್ಯಾನಕ್ಕೆ ಕೂಡುತ್ತಿದ್ದ. ಹೊರಗೆ ಯಾರು ಬಂದರು, ಯಾರು ಹೋದರು ಎಂದು ಕೇಳುತ್ತಿರಲಿಲ್ಲ. ಅದನ್ನೇ ಸಾಧನೆ ಎಂದುಕೊಂಡಿದ್ದ. ಕೊನೆಯ ಬಸ್ಸು ಹೊರಟ ಮೇಲೆ ಧ್ಯಾನ ಮುಗಿಯುತ್ತಿತ್ತು.

ಚಳಿಗಾಲದ ಒಂದು ಅಮಾವಾಸ್ಯೆಯ ಸಂಜೆ, ಬಸ್ಸು ಹೋದ ಮೇಲೆ, ಅವನು ಹೊಳೆಯ ಹತ್ತಿರ ಕೂತಿದ್ದ ಗುರುವಿನ ಬಳಿಗೆ ಬಂದ.

“ಅಪ್ಪಾರ, ಆಚಿ ದಂಡಿ ಗವಿಯೊಳಗ ಒಬ್ಬನ ಇರತೀನ್ರಿ. ಮಗಳಿಗೆ ಇನ್ನ ಬರಬ್ಯಾಡ ಅಂತ ನೀವ ಹೇಳಬೇಕು.”

“ಯಾಕ?”

ಅವನು ಆಕಾಶದ ಕೆಂಪು ಚುಕ್ಕೆ ತೋರಿಸಿದ. “ಮಂಗಳ ನೋಡ್ರಿ. ಯಾರ ಹಂಗೂ ಇಲ್ಲ ಅದಕ್ಕ. ಅಂಥಾ ಬಾಳೇವು ಬೇಕು ನನಗ.”

“ಸುಖ ಐತೇನು ಅಲ್ಲಿ?”

ಶಿವಬಸಪ್ಪ ತಡವರಿಸಿದ. ಸುಳ್ಳು ಪಾಠ ಹೇಳಿ ರೂಢಿಯಿರಲಿಲ್ಲ.

“ಥಂಡಿರಿ. ಮಧ್ಯಾಹ್ನ ಕಾಲಿಗೆ ನೆಲ ಬೆಚ್ಚಗಿದ್ದರೂ ತಲಿಮಟ್ಟಕ್ಕ ಕೊರಿಯೂ ಚಳಿ. ರಾತ್ರಿಯಂತೂ ಹಿಮಾಲಯದಾಗೂ ಇಲ್ಲದಷ್ಟು.”

“ಬಿಸಿಲು ಬೀಳೂದಿಲ್ಲೇನು?”

“ಬೀಳತೈತ್ರಿ. ಕಾವು ಹಿಡಿದಿಡಾಕ ಗಾಳಿ ಇಲ್ಲ. ನಮ್ಮಲ್ಲಿ ಇದ್ದದ್ದರಾಗ ನೂರಕ್ಕ ಒಂದು ಪಾಲೂ ಇಲ್ಲ. ಬರ್ಫ ಸೈತ ನೀರಾಗದ ಸೀದಾ ಆವಿ ಆಗತೈತಿ.”

“ಮದಲಿನಿಂದ ಹಿಂಗ ಏನು?”

“ಇಲ್ರಿ. ಒಂದು ಕಾಲಕ್ಕ ಅಲ್ಲೂ ಹೊಳಿ ಇದ್ವು. ಹರಿದ ಗುರುತು ಈಗೂ ಅದಾವು.”

“ಮತ್ತ ಗಾಳಿ ಎಲ್ಲಿ ಹೋತು?”

“ಸೂರ್ಯನ ಕಡಿಂದ ಕಣಗಳ ಹೊಡೆತ ಬರತಿರತೈತ್ರಿ. ಭೂಮಿಗೆ ಕಾಂತದ ಕವಚ ಐತಿ, ತಡಕೋತೈತಿ. ಮಂಗಳಂದು ಆ ಕವಚ ಹೋತು. ಗಾಳಿನೂ ಹೋತು.”

“ಒಮ್ಮಿಗೇ?”

“ಏ, ಇಲ್ರಿ. ಅಷ್ಟಷ್ಟ.” ಶಿವಬಸಪ್ಪ ನಕ್ಕ. “ಅಲ್ಲಿ ಯಾರರ ಇದ್ದಿದ್ದರೂ ಅವರಿಗೆ ಗೊತ್ತ ಆಗತಿರಲಿಲ್ಲ.”

ಗುರು ತಲೆಯೆತ್ತಿ ಆ ಕೆಂಪು ಚುಕ್ಕೆಯನ್ನು ನೋಡಿದರು.

“ಹಂಗಾರ ಮಗಳಿಗೆ ಹೇಳತೀರಿ?” ಎಂದ ಶಿವಬಸಪ್ಪ.

ಗುರು ಎದ್ದು ಧೋತರ ಕೊಡವಿಕೊಂಡರು.

“ಹೇಳೂ ಕೆಲಸ ಉಳಿದಿಲ್ಲ, ಮಾಸ್ತರ. ಬ್ಯಾಸಗಿ ಆದಾಗಿಂದ ಆಕಿ ಬಂದ ಇಲ್ಲ.”